ಬ್ಲೀಚ್ ಬಿಟ್ಟ ಹದಿನೈದು ದಿನ

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಎದುರಿಗಿರುವ ಲಾಡ್ಜಿನಲ್ಲಿ ಬಟ್ಟೆ ಒಗೆಯುವ ವಿಭಾಗ ನನ್ನ ಕೈಯಲ್ಲಿದೆ. ನಲವತ್ತು ಕೋಣೆ, ಎರಡು ದೊಡ್ಡ ಮಷಿನ್ನು, ತಾರಸಿಯ ಮೇಲೆ ಒಣಹಾಕಲು ಹನ್ನೆರಡು ಸಾಲು ತಂತಿ. ಹಾಸಿಗೆಯ ಚಾದರಗಳ ಮಾತು ಬೇರೆ. ಅವು ಹೆಚ್ಚು ಕಾಡುವುದಿಲ್ಲ. ಕಾಡುವುದು ಬಾತ್‌ರೂಮಿನ ಟವೆಲ್. ಮನುಷ್ಯ ಮೈಮೇಲೆ ಏನೇನು ಹೊತ್ತು ತಿರುಗುತ್ತಾನೋ ಅದನ್ನೆಲ್ಲ ಕೊನೆಗೆ ಟವೆಲ್ಲಿಗೆ ಒರೆಸುತ್ತಾನೆ. ಅರಿಶಿನದ ಕಲೆ ಬಿಸಿಲಿಗೆ ಸೋಲುತ್ತದೆ. ಎಣ್ಣೆಗೆ ಬಿಸಿನೀರು ಬೇಕು, ರಕ್ತಕ್ಕೆ ತಣ್ಣೀರೇ ಬೇಕು. ತಲೆಗೆ ಹಚ್ಚುವ ಕಪ್ಪು ಬಣ್ಣ ಒಮ್ಮೆ ಹತ್ತಿತೆಂದರೆ ಆ ಟವೆಲ್ಲಿನ ಆಸೆ ಬಿಡಬೇಕು. ಇಷ್ಟನ್ನು ಕಲಿಯಲು ನನಗೆ ಹದಿನಾಲ್ಕು ವರ್ಷ ಹಿಡಿದಿದೆ. ನಮ್ಮ ಟವೆಲ್ಲುಗಳೆಲ್ಲ ಬಿಳಿ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಲೆಕ್ಕಕ್ಕೆ ಸಿಗದ ಒಂದು ಕಲೆ ಬರತೊಡಗಿತು. ಹಳೆಯ ಚಹಾದ ಬಣ್ಣ, ಮೋಡದ ಹಾಗೆ ಹರಡಿದ ಅಂಚು. ಕೆಲವು ಟವೆಲ್ಲುಗಳ ಮೇಲೆ ಅಂಗೈಯಷ್ಟು, ಕೆಲವದರ ಮೇಲೆ ಬೆನ್ನಗಲ. ಉಜ್ಜಿದರೆ ಹೋಗದು, ಕುದಿಸಿದರೆ ಹೋಗದು. ಮೊದಲ ವಾರ ಮೂರು, ಮುಂದಿನ ವಾರ ಹನ್ನೊಂದು. ಕೋಣೆ ಹಿಡಿದವರೊಬ್ಬರು ಮಡಿಕೆ ಬಿಚ್ಚಿದ ಟವೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ರಿಸೆಪ್ಶನ್ನಿಗೆ ತಂದು ಮೇಜಿನ ಮೇಲೆ ಹಾಕಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರ್ ಬಂದು ಒಂದು ವರ್ಷವೂ ಆಗಿರಲಿಲ್ಲ. ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಿದವರು, ಅಚ್ಚುಕಟ್ಟು. ಬಂದ ಮೊದಲ ತಿಂಗಳಲ್ಲೇ ಮಷಿನ್ನಿನ ಮೇಲಿನ ಗೋಡೆಗೆ ಒಂದು ಚಾರ್ಟ್ ಹಚ್ಚಿದ್ದರು: ಪ್ರತಿ ಲೋಡಿಗೆ ಇಷ್ಟು ಸೋಪು, ಎರಡು ಮಗ್ ಬ್ಲೀಚ್. ಕಲೆ ಕಂಡ ಕೂಡಲೇ ಎರಡನ್ನು ಹೊಡೆದು ಮೂರು ಎಂದು ಬರೆದರು. ಕಲೆ ಹೆಚ್ಚಾಯಿತು. ಮೂರನ್ನು ನಾಲ್ಕು ಮಾಡಿದರು. ಒಗೆಯುವ ಕೋಣೆಯಲ್ಲಿ ಕಣ್ಣು ಉರಿಯುವಷ್ಟು ವಾಸನೆ. ಕಲೆ ಇನ್ನೂ ಹೆಚ್ಚಾಯಿತು. ಆಗ ಅವರು ಬ್ಲೀಚಿನ ಕಡೆಯಿಂದ ಮನುಷ್ಯರ ಕಡೆಗೆ ತಿರುಗಿದರು.

ನನ್ನ ಜೊತೆ ಒಗೆಯುವಾಕೆ ಹೆಬ್ಬಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಮೊದಲು ಆ ಲಾಡ್ಜಿಗೆ ಸೇರಿದವಳು. ಕಾಗದದ ಮೇಲೆ ನಾನು ಅವಳ ಮೇಲಿನವಳಾದರೂ ನಾನು ಅಕ್ಕಾ ಎನ್ನುತ್ತೇನೆ, ಅವಳು ತಂಗಿ ಎನ್ನುತ್ತಾಳೆ. ಒಮ್ಮೆ ಅಕ್ಕ ಒದ್ದೆ ಟವೆಲ್ಲುಗಳ ಗಂಟು ಹೊತ್ತು, ಯಾರೋ ನೆಲ ಒರೆಸುತ್ತಿದ್ದ ಕಡೆಯಿಂದ ಹಾದುಹೋದದ್ದನ್ನು ಮ್ಯಾನೇಜರ್ ನೋಡಿದ್ದರಂತೆ. ಅಷ್ಟು ಸಾಕಾಯಿತು. ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ರಿಸೆಪ್ಶನ್ನಿಗೆ ಕರೆದರು. ಕೋಣೆ ಗುಡಿಸುವ ನಾಲ್ವರೂ ಅಲ್ಲೇ ಇದ್ದರು. ಮೇಜಿನ ಮೇಲೆ ಟೈಪ್ ಮಾಡಿದ ಪತ್ರ: ಒಗೆಯುವ ಈ ಹೆಂಗಸು ಬಾತ್‌ರೂಮಿನ ಟವೆಲ್ಲುಗಳಿಂದ ನೆಲ ಒರೆಸುತ್ತಿದ್ದುದರಿಂದ ಅವು ಹಾಳಾಗಿವೆ. ಕೆಳಗೆ ಮ್ಯಾನೇಜರ್ ಸಹಿ, ಅದರ ಪಕ್ಕದಲ್ಲಿ, ಕಣ್ಣಾರೆ ಕಂಡವರು ಎಂದು, ನನ್ನ ಸಹಿಗೆ ಜಾಗ.

"ಸಹಿ ಮಾಡ್ರಿ," ಅಂದರು ಮ್ಯಾನೇಜರ್.

"ನಾ ನೋಡಿಲ್ಲದ್ದನ್ನ ನೋಡೇನಿ ಅಂತ ಹೆಂಗ ಸಹಿ ಮಾಡ್ಲಿ?"

"ನೀವು ನೋಡಿಲ್ಲ ಅಂದ್ರ, ನಿಮ್ಮ ಕೆಲಸದಾಗ ನೀವು ಕಣ್ಣು ಮುಚ್ಚಿಕೊಂಡು ಕುಂತೀರಿ ಅಂದಂಗಾತು."

"ಹಂಗ ಬರೀರಿ ಮತ್ತ. ಅದಕ್ಕ ಸಹಿ ಮಾಡ್ತೇನಿ. ಇದಕ್ಕ ಮಾಡಂಗಿಲ್ಲ."

ಅಕ್ಕ ಅಲ್ಲಿಯವರೆಗೆ ಸೆರಗಿನ ತುದಿ ಹಿಡಿದು ನಿಂತಿದ್ದಳು. "ಸಾಹೇಬ್ರ, ನಮ್ಮ ಮನ್ಯಾಗ ನೆಲಾ ಒರಸೂ ಅರಬೀನೂ ನಾ ಬ್ಯಾರೇ ಬಕೀಟನ್ಯಾಗ ಒಗೀತೇನ್ರಿ," ಅಂದಳು. ಅರಬಿ ಅಂದರೆ ನಮ್ಮ ಕಡೆ ಬಟ್ಟೆ. ಮ್ಯಾನೇಜರ್ ಪತ್ರವನ್ನು ಡ್ರಾವರಿಗೆ ಹಾಕಿದರು. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಅಂದರು. ಅಕ್ಕ ಒಳಗೆ ಹೋಗಿ, ಸ್ವಿಚ್ ಆರಿಸಿ, ರಬ್ಬರ್ ಕೈಗವಸುಗಳನ್ನು ತೊಳೆದು ಮೊಳೆಗೆ ಹಾಕಿ ಹೊರಟಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ಅತ್ತುಬಿಡುತ್ತೇನೆ ಅಂತ ನೋಡಲಿಲ್ಲ ಅಂತ ಆಮೇಲೆ ಹೇಳಿದಳು.

ಮ್ಯಾನೇಜರ್ ಅಷ್ಟಕ್ಕೇ ನಿಲ್ಲಲಿಲ್ಲ. ಬಿಳಿ ಟವೆಲ್ ತೆಗೆದುಹಾಕಿ ಗಾಢ ಮರೂನ್ ಬಣ್ಣದವನ್ನು ತರಿಸುವುದು, ಒಗೆಯುವ ಕೆಲಸವನ್ನೇ ಹೊರಗಿನವರಿಗೆ ಕೊಡುವುದು, ಇದು ಅವರ ಯೋಜನೆ. ಮರುದಿನ ನಾನಿರುವ ನವನಗರದಿಂದ ಮೊದಲ ಬಸ್ಸು ಹಿಡಿದು, ಲಾಡ್ಜಿನ ಯಜಮಾನರು ಪೂಜೆ ಮುಗಿಸಿ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದೆ. ಕೈಯಲ್ಲಿ ಎರಡು ಕಲೆಯಾದ ಟವೆಲ್. ಯಜಮಾನರದು ಹತ್ತಿ ವ್ಯಾಪಾರದ ಮನೆತನ. ಅವರು ಕಲೆಯ ಕಡೆ ನೋಡಲೇ ಇಲ್ಲ. ಟವೆಲ್ಲಿನ ಎಳೆಯೊಂದನ್ನು ಚಿವುಟಿ ಎಳೆದರು. ಅದು ಸದ್ದಿಲ್ಲದೆ ಕಿತ್ತು ಬಂತು.

"ಇದರ ಜೀವಾನ ಹೋಗೈತಲ್ಲವ್ವಾ. ಏನ ಹಾಕಾಕತ್ತೀರಿ?"

"ಬ್ಲೀಚ್‌ರಿ. ಮೊದಲ ಎರಡು ಮಗ್ಗ ಇತ್ತು, ಈಗ ನಾಕು."

"ಡಾಗ ಕಮ್ಮಿ ಆದ್ವೇನು?" ಅಂತ ಕಲೆಯ ಮೇಲೆ ಬೆರಳಿಟ್ಟರು.

"ಹೆಚ್ಚಾದ್ವುರಿ."

ಅವರು ಕಿತ್ತು ಬಂದ ಎಳೆಯನ್ನು ಬೆರಳಲ್ಲಿ ಹೊಸೆದರು. ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಮರೂನ್ ಟಾವೆಲ್ನ್ಯಾಗ ಹೊಲಸು ಇರಂಗಿಲ್ಲ ಅಂತಲ್ರಿ, ಕಾಣಂಗಿಲ್ಲ ಅಷ್ಟ. ಇಲ್ಲಿ ಬರೋರು ಆಪರೇಶನ್ ಮಾಡಿಸ್ಕೊಳ್ಳೋ ಮಂದಿ. ಅವರು ಮೈ ಒರಸ್ಕೊಳ್ಳೋ ಅರಬಿ ಅದು. ಹೊಲಸಿದ್ರ ಕಾಣಬೇಕ್ರಿ."

"ಹದಿನೈದು ದಿನ ತಡೀತೇನಿ," ಅಂದರು ಯಜಮಾನರು. "ಆಮ್ಯಾಲೆ ನೀ ನನ್ನ ಬಾಗಲಾಗ ನಿಂದರೂದಲ್ಲ."

ಮೊದಲು ನನಗೆ ನೀರಿನ ಮೇಲೆ ಅನುಮಾನ. ನಾವು ಒಗೆಯುವುದು ಬೋರಿನ ನೀರಲ್ಲಿ, ಅದರಲ್ಲಿ ಕಬ್ಬಿಣದ ಅಂಶವಿದ್ದರೆ ಬಟ್ಟೆ ಕಂದಾಗುತ್ತದೆ. ಕಬ್ಬಿಣದ ಕಲೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟರೆ ಬಿಡುತ್ತದೆ. ಐದು ಟವೆಲ್ಲಿಗೆ ಹಚ್ಚಿ ತಾರಸಿಯ ಮೇಲೆ ಹರವಿದೆ. ಸಂಜೆಯವರೆಗೂ ಕಲೆ ಇದ್ದಲ್ಲೇ ಇತ್ತು, ಲಿಂಬೆಯ ಪರಿಮಳ ಮಾತ್ರ ಜಾಸ್ತಿಯಾಯಿತು. ನಳದ ನೀರು ಬಂದ ದಿನ ಅದನ್ನೇ ತುಂಬಿಸಿ ಒಂದಿಡೀ ಲೋಡ್ ಒಗೆದೆ. ಆರು ಟವೆಲ್ ಕಂದಾಗಿ ಬಂದವು. ನೀರಿನ ತಪ್ಪಲ್ಲ.

ಆಮೇಲೆ ಮಷಿನ್ನು. ಬಾಗಿಲ ರಬ್ಬರ್ ಬಿಚ್ಚಿ ಅದರ ಹಿಂದಿನ ಕೊಳೆ ತೆಗೆದೆ, ಡ್ರಮ್ಮಿನ ತೂತುಗಳಲ್ಲಿ ಟಾರ್ಚ್ ಬಿಟ್ಟು ತುಕ್ಕು ಹುಡುಕಿದೆ, ಬರಿ ಬಿಸಿನೀರಲ್ಲಿ ಒಂದು ಹೊಸ ಬಿಳಿ ಅರಿವೆ ಹಾಕಿ ತಿರುಗಿಸಿದೆ. ಅರಿವೆ ಹೇಗೆ ಹೋಯಿತೋ ಹಾಗೇ ಬಂತು. ಐದು ದಿನ ಹೀಗೆ ಕಳೆದವು. ಅಷ್ಟರಲ್ಲಿ ಅಕ್ಕನ ಕೆಲಸವನ್ನೂ ನಾನೇ ಮಾಡಬೇಕಾಗಿತ್ತು. ಭುಜ ಎತ್ತಲು ಬರುತ್ತಿರಲಿಲ್ಲ. ಮ್ಯಾನೇಜರ್ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಎಲ್ಲಿಗೆ ಬಂತ್ರಿ ಸಂಶೋಧನಾ?" ಅಂತ ಕೇಳಿ ಹೋಗುತ್ತಿದ್ದರು.

ಆರನೆಯ ದಿನ ಮಾಡಿದ ಕೆಲಸವನ್ನು ನಾನು ಮೊದಲನೆಯ ದಿನವೇ ಮಾಡಬೇಕಿತ್ತು. ಒಗೆಯಲು ಬಂದ ಟವೆಲ್ಲುಗಳನ್ನು ಮಷಿನ್ನಿಗೆ ಹಾಕುವ ಮೊದಲು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ದಿನ ನಾವು ಕಲೆ ನೋಡುತ್ತಿದ್ದದ್ದು ಒಗೆದ ಮೇಲೆ. ಕಲೆ ಅಂದರೆ ಒಗೆಯುವ ಮೊದಲೇ ಇರುತ್ತದೆ, ಒಗೆದಾಗ ಹೋಗಿಲ್ಲ ಅಂತ ನಾನೂ ತಿಳಿದಿದ್ದೆ, ಮ್ಯಾನೇಜರೂ ತಿಳಿದಿದ್ದರು. ಆ ದಿನ ಮೇಜಿನ ಮೇಲೆ ಹರವಿದ ಮೂವತ್ತು ಟವೆಲ್ಲುಗಳಲ್ಲಿ ಕಂದು ಕಲೆ ಒಂದರ ಮೇಲೂ ಇರಲಿಲ್ಲ. ಮಷಿನ್ನಿನಿಂದ ಬಂದು ಒಣಗಿದಾಗ ಎಂಟರ ಮೇಲೆ ಇತ್ತು.

ಅವು ಬಿಳಿಯಾಗಿ ಹೋಗಿ ಕಂದಾಗಿ ಬರುತ್ತಿದ್ದವು. ಯಾರಾದರೂ ನೆಲ ಒರೆಸಿದ್ದರೆ ಹಾಗಾಗುತ್ತಿತ್ತೇ? ಅಲ್ಲಿಗೆ ಅಕ್ಕನ ಮೇಲಿನ ಮಾತು ಸುಳ್ಳೆಂದು ನನಗೆ ಗಟ್ಟಿಯಾಯಿತು. ಆದರೆ ನನಗೆ ಗಟ್ಟಿಯಾದರೆ ಸಾಲದು.

ಎರಡು ಮಧ್ಯಾಹ್ನ ಕೂತು ಟವೆಲ್ಲುಗಳ ಅಂಚಿಗೆ ಕೆಂಪು ದಾರದಲ್ಲಿ ಕೋಣೆಯ ನಂಬರ್ ಹೊಲಿದೆ. ಯಾವ ಕೋಣೆಯ ಟವೆಲ್ ಆ ಕೋಣೆಗೇ ಹೋಗಬೇಕೆಂದು ಕೋಣೆ ಗುಡಿಸುವವರಿಗೆ ಹೇಳಿದೆ. ಅಕ್ಕನ ಸಲುವಾಗಿ ಅಂದಾಗ ಒಬ್ಬಳೂ ಗೊಣಗಲಿಲ್ಲ. ಎಂಟನೆಯ ದಿನ ಕಂದಾದ ಟವೆಲ್ಲುಗಳನ್ನು ಬೇರೆ ಮಾಡಿ ನಂಬರ್ ಓದಿದೆ. ಎಲ್ಲವೂ ಮೊದಲ ಮಹಡಿಯ ಏಳು ಕೋಣೆಗಳವು. ಲಿಫ್ಟಿಗೆ ಹತ್ತಿರದವು ಅಂತ ಆ ಕೋಣೆಗಳನ್ನು ನಡೆಯಲಾಗದವರಿಗೆ, ಅಂದರೆ ಎದುರಿನ ಆಸ್ಪತ್ರೆಯಲ್ಲಿ ಎಲುಬಿನ ಆಪರೇಶನ್ನಿಗೆ ದಿನ ಗೊತ್ತಾಗಿ ಕಾಯುವವರಿಗೆ ಕೊಡುತ್ತೇವೆ.

ಮರುದಿನ ಬೆಳಿಗ್ಗೆ ಆ ಕೋಣೆಗಳಿಗೆ ನಾನೇ ಹೋದೆ. ಮೂರನೆಯ ಕೋಣೆಯಲ್ಲಿ ಮುಗದ ಹಳ್ಳಿಯಿಂದ ಬಂದಿದ್ದ ಅಜ್ಜಿ, ಮೊಣಕಾಲಿನ ಆಪರೇಶನ್ನಿನವರು. ಆಗಷ್ಟೇ ಸ್ನಾನ ಮಾಡಿ ಮಂಚದ ಮೇಲೆ ಕೂತಿದ್ದರು. ನಾನು ಅವರ ಟವೆಲ್ಲನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು, "ಏನ ಹುಡಕಾಕತ್ತೀ ತಂಗಿ? ನಿಮ್ಮ ಟಾವೆಲ್ಲೇನ್ ನಾ ತಿಂದಿಲ್ಲ," ಅಂದರು.

"ಅಲ್ರೀ ಅಜ್ಜಿ, ಇವಕ್ಕ ಡಾಗ ಬೀಳಾಕತ್ತಾವ. ಮೈಗೆ ಏನರ ಹಚ್ಕೊಂತೀರೇನ್ರಿ?"

"ಏನ ಹಚ್ಕೊಳ್ಳಾಕ ಬಿಟ್ಟಾರ? ಎಣ್ಣಿ ಬ್ಯಾಡಂದ್ರು, ಅರಿಷಿಣ ಬ್ಯಾಡಂದ್ರು. ಅಲ್ನೋಡ, ಆ ಕೆಂಪ ಔಷಧದಿಂದ ಮೈ ತೊಳಕೋಬೇಕಂತ. ಆಪರೇಶನ್ ಮುಂಚಿ ಎರಡು ದಿನ. ಆ ವಾಸನಿಗೆ ನನ್ನ ಮೈ ನನಗ ಗುರ್ತ ಹತ್ತವಲ್ದು."

ಬಾತ್‌ರೂಮಿನ ಕಟ್ಟೆಯ ಮೇಲೆ ಬಾಟಲಿ ಇತ್ತು. ಗುಲಾಬಿಗೆಂಪು ದ್ರವ, ಆಪರೇಶನ್ನಿಗೆ ಮೊದಲು ಮೈಮೇಲಿನ ರೋಗಾಣುಗಳನ್ನು, ನಮ್ಮ ಕಡೆಯ ಮಾತಲ್ಲಿ ಜಂತುಗಳನ್ನು, ಕೊಲ್ಲಲು ಕೊಡುವಂಥದು. ಚೀಟಿಯ ಮೇಲೆ ಕ್ಲೋರ್‌ಹೆಕ್ಸಿಡಿನ್ ಎಂದಿತ್ತು. ಉಳಿದ ಆರು ಕೋಣೆಗಳಲ್ಲೂ ಅದೇ ಬಾಟಲಿ. ಆಸ್ಪತ್ರೆಯವರು ಅದನ್ನು ಕೊಡಲು ಶುರುಮಾಡಿದ್ದು ಆ ಮಳೆಗಾಲದ ಕೊನೆಗಂತೆ. ಅಜ್ಜಿಯನ್ನು ಕೇಳಿ ಎರಡು ಮುಚ್ಚಳ ಬಗ್ಗಿಸಿಕೊಂಡೆ. "ಒಯ್ಯಿ, ಒಯ್ಯಿ. ಖಾಲಿ ಆದ್ರ ನಾಳೆ ಎರಕೊಳ್ಳೂದು ತಪ್ಪತೈತಿ," ಅಂದರು.

ತಾರಸಿಯ ಮೇಲೆ ಒಂದು ಹೊಸ ಟವೆಲ್ಲನ್ನು ನಾಲ್ಕು ತುಂಡು ಮಾಡಿದೆ. ಲಾಡ್ಜಿನ ಮಾಲು, ಕತ್ತರಿಸುವ ಅಧಿಕಾರ ನನಗಿಲ್ಲ. ಕತ್ತರಿಸಿದೆ. ಎರಡು ತುಂಡಿಗೆ ಆ ಔಷಧ ಹಚ್ಚಿ, ಕೆಂಪು ಪೂರ್ತಿ ಹೋಗುವ ತನಕ ನೀರಲ್ಲಿ ಜಾಲಿಸಿದೆ. ನೋಡಲು ಅವು ಹಾಲಿನಷ್ಟು ಬಿಳಿ. ಒಂದನ್ನು ಬ್ಲೀಚ್ ನೀರಲ್ಲಿ, ಇನ್ನೊಂದನ್ನು ಬರಿ ಸೋಪಿನ ನೀರಲ್ಲಿ ಹಾಕಿದೆ. ಔಷಧ ಹಚ್ಚದ ಎರಡು ತುಂಡುಗಳನ್ನೂ ಹಾಗೆಯೇ ಒಂದೊಂದು ಬಕೀಟಿಗೆ ಹಾಕಿದೆ. ಆಮೇಲೆ ನಾಲ್ಕನ್ನೂ ತಂತಿಗೆ ಹಾಕಿ ರೊಟ್ಟಿ ಬುತ್ತಿ ಬಿಚ್ಚಿದೆ. ಊಟ ಮುಗಿಸಿ ಎದ್ದಾಗ ಒಂದು ತುಂಡು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಔಷಧ ಹಚ್ಚಿ ಬ್ಲೀಚಿಗೆ ಹಾಕಿದ್ದು. ಉಳಿದ ಮೂರೂ ಬಿಳಿ.

ತುಂಬಾ ಹೊತ್ತು ಆ ತಂತಿಯ ಕೆಳಗೆ ನಿಂತೆ. ಔಷಧ ನೂಲಿನಲ್ಲಿ ಕಾಣದಂತೆ ಕೂತಿರುತ್ತದೆ, ಬ್ಲೀಚ್ ತಾಗಿದರೆ ಕಂದಾಗುತ್ತದೆ. ಇಷ್ಟು ತಿಂಗಳು ನಾವು ಕಲೆ ತೆಗೆಯುತ್ತಿರಲಿಲ್ಲ, ಕಲೆ ಮಾಡುತ್ತಿದ್ದೆವು. ಮಗ್ ಹೆಚ್ಚಿಸಲು ಹೇಳಿದವರು ಮ್ಯಾನೇಜರ್, ಆದರೆ ಸುರಿದ ಕೈ ನನ್ನದು. ಕಲೆ ಕಡಿಮೆಯಾದವೇ ಎಂದು ಯಜಮಾನರು ಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಮೂರನೆಯ ಮಗ್ಗಿಗೇ ನನಗೆ ಕೇಳಿಕೊಳ್ಳಬೇಕಿತ್ತು.

ತುಂಡುಗಳನ್ನು ಮ್ಯಾನೇಜರ್ ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದೆ. ಅವರು ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು.

"ನಾಕು ತುಂಡು ಅರಬಿ ನೋಡಿ ಲಾಡ್ಜ್ ನಡಸಾಕ ಆಗಂಗಿಲ್ರಿ. ಬ್ಲೀಚ್ ಇಲ್ಲಂದ್ರ ಜಂತು ಸಾಯೂದಿಲ್ಲ. ನಾಳೆ ಯಾರಿಗರ ಏನರ ಆದ್ರ ಯಾರ ಜವಾಬ್ದಾರಿ?"

"ನಂದು."

"ಚಾರ್ಟ್ ನಾ ಬರದದ್ದು."

"ಗೊತ್ತೈತ್ರಿ. ಅದನ್ನ ಇವತ್ತಿಂದ ನಾ ಮುರೀತೇನಿ. ನಿಮಗ ಹೇಳೇ ಮುರೀತೇನಿ."

ಬ್ಲೀಚಿನ ಕ್ಯಾನುಗಳನ್ನು ಎತ್ತಿ ಸಾಮಾನಿನ ಕೋಣೆಯಲ್ಲಿ ಹಾಕಿ ಬೀಗ ಜಡಿದು, ಕೀಲಿಯನ್ನು ಯಜಮಾನರ ಕೈಗೇ ಕೊಟ್ಟುಬಂದೆ. ಬದಲಿಗೆ ಕ್ಲೋರಿನ್ ಇಲ್ಲದ, ಬಿಸಿನೀರಿಗೆ ಬಿದ್ದರೆ ಸಣ್ಣಗೆ ನೊರೆಯೇಳುವ ಬಿಳಿ ಪುಡಿ ತರಿಸಿದೆ. ಜಂತಿನ ಮಾತು ಸುಳ್ಳಲ್ಲ. ಅದಕ್ಕೆಂದು ಬಾಯ್ಲರಿನ ಮುಳ್ಳನ್ನು ಎಪ್ಪತ್ತು ಡಿಗ್ರಿಗೆ ಏರಿಸಿದೆ. ಆ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿದ ಬಟ್ಟೆಯ ಮೇಲೆ ನನಗೆ ಭರವಸೆ ಇತ್ತು.

ಕಂದು ಕಲೆ ಮೊದಲ ಲೋಡಿಗೇ ನಿಂತಿತು. ಗೆದ್ದೆ ಅಂದುಕೊಂಡೆ. ಮೂರನೆಯ ದಿನಕ್ಕೆ ಟವೆಲ್ಲುಗಳು ಬೂದಿ ಬಣ್ಣಕ್ಕೆ ತಿರುಗಿ ಹಪ್ಪಳದ ಹಾಗೆ ಸೆಟೆದು ನಿಂತವು. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಮ್ಯಾನೇಜರ್ ಅಂಥದ್ದೊಂದನ್ನು ಆರಿಸಿ ಯಜಮಾನರ ಮುಂದೆ ಹಿಡಿದರು. ನನ್ನನ್ನೂ ಕರೆಸಿದರು.

"ವಾಸನಿ ಐತಲ್ಲವ್ವಾ," ಅಂದರು ಯಜಮಾನರು.

"ಐತ್ರಿ," ಅಂದೆ. "ಇದು ಮೊದಲೂ ಇತ್ತು. ಬ್ಲೀಚಿನ ವಾಸನಿ ಇದನ್ನ ಮುಚ್ಚಿಟ್ಟಿತ್ತು. ಈಗ ಹೊರಗ ಬಂದೈತಿ. ಹೊರಗ ಬಂದದ್ದನ್ನ ತೆಗೀಬಹುದು."

ಮಾತು ಗಟ್ಟಿಯಾಗಿ ಆಡಿದೆ ಅಷ್ಟೇ. ಹೇಗೆ ತೆಗೆಯಬೇಕೆಂದು ನನಗೆ ಗೊತ್ತಿರಲಿಲ್ಲ. ಉಳಿದದ್ದು ನಾಲ್ಕು ದಿನ. ಆ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಇಷ್ಟು ದಿನ ಮಾಡಿರಲಿಲ್ಲ; ಬರಿಗೈಯಲ್ಲಿ ಏನಂತ ಮಾತಾಡುವುದು? ಅವಳು ಔಷಧದ ಕತೆಯನ್ನೆಲ್ಲ ಕೇಳಿ ಹೂಂ ಅಂದಳು, ಆಮೇಲೆ ನೇರ ವಾಸನೆಗೆ ಬಂದಳು.

"ಮಷಿನ್ಯಾಗ ಎಷ್ಟು ಹಾಕ್ತಿ?"

"ತುಂಬ ಹಾಕ್ತೇನಿ. ಒಬ್ಬಾಕೀನ ಇದ್ದೇನಲ್ಲ ಯಕ್ಕಾ, ಎರಡು ಸುತ್ತಿನ್ಯಾಗ ಮುಗಿಸಬೇಕು."

"ಅರಬಿ ನೀರಾಗ ಕುಣೀಬೇಕು ತಂಗಿ. ನೀ ತುರುಕಿದ್ರ ಅವು ಎಲ್ಲಿ ಕುಣೀತಾವು? ಸೋಪೂ ಹೋಗಂಗಿಲ್ಲ, ಹೊಲಸೂ ಹೋಗಂಗಿಲ್ಲ. ಮತ್ತ ಆ ಘಮಘಮ ಎಣ್ಣಿ ಹಾಕೂದ ಬಿಡು. ಮೆತ್ತಗ ಆಗತಾವು ಅಂತ ಹಾಕಸ್ತಾರ, ಅದು ಮೇಣ ಬಡದಂಗ ಕುಂದರತೈತಿ."

ಘಮಘಮ ಎಣ್ಣೆ ಅಂದರೆ ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ದ್ರವ. ಅದೂ ಚಾರ್ಟಿನಲ್ಲಿತ್ತು. ಅದನ್ನು ನಿಲ್ಲಿಸಿದೆ. ಮಷಿನ್ನಿನ ಮುಕ್ಕಾಲು ಭಾಗ ಮಾತ್ರ ತುಂಬಿದೆ, ಎರಡು ಸುತ್ತಿನ ಕೆಲಸ ಮೂರು ಸುತ್ತಾಯಿತು. ಗಡಸು ನೀರಿಗೆ ಸೋಪು ಹೆಚ್ಚು ಬೇಕೆಂದು ಸುರಿಯುತ್ತಿದ್ದೆ, ಅದೇ ಒಳಗೆ ಉಳಿದು ಬೂದಿಯಾಗುತ್ತಿತ್ತು, ಅರ್ಧಕ್ಕೆ ಇಳಿಸಿದೆ. ಕೊನೆಯ ನೀರಿಗೆ ಸ್ವಲ್ಪ ಲಿಂಬೆಹುಳಿ ಪುಡಿ ಹಾಕಿ, ಅದರ ಮೇಲೆ ಇನ್ನೊಂದು ಸಲ ಬರಿ ನೀರಲ್ಲಿ ಜಾಲಿಸಿದೆ. ಮಷಿನ್ನು ನಿಂತ ಮೇಲೆ ಒದ್ದೆ ಟವೆಲ್ ಹತ್ತು ನಿಮಿಷವೂ ಗುಡ್ಡೆಯಾಗಿ ಬೀಳಬಾರದು. ಬುಟ್ಟಿ ಹೊತ್ತು ತಾರಸಿಗೆ ಹತ್ತಿ ಒಂದೊಂದನ್ನೂ ಚಟ್ಟನೆ ಕೊಡವಿ, ಮಡಿಕೆಯಿಲ್ಲದೆ ಬಿಡಿಸಿ ಹಾಕಿದೆ. ಕೊಡವಿದರೆ ಎಳೆ ಎದ್ದು ನಿಲ್ಲುತ್ತದೆ, ಎದ್ದು ನಿಂತ ಎಳೆಯೇ ಮೆತ್ತಗಿರುತ್ತದೆ. ಅದಕ್ಕೆ ಯಾವ ಎಣ್ಣೆಯೂ ಬೇಡ.

ಹದಿನೈದನೆಯ ದಿನ ಆ ಏಳು ಕೋಣೆಗಳ ಟವೆಲ್ಲುಗಳನ್ನು ಯಜಮಾನರ ಮುಂದೆ ಇಟ್ಟೆ. ಅವರು ಮೊದಲು ಎಳೆ ಚಿವುಟಿ ಎಳೆದರು, ಆಮೇಲೆ ಮೂಗಿಗೆ ಹಿಡಿದರು, ಕೊನೆಗೆ ಕಣ್ಣಿಗೆ. "ಹೂಂ," ಅಂದರು. ಹಳೆಯ ಕಂದು ಕಲೆಗಳು ಮಾತ್ರ ಹೋಗಲಿಲ್ಲ. ಎರಡು ದಿನ ನೆನೆಹಾಕಿದರೂ ತಿಳಿಯಾದವೇ ಹೊರತು ಮಾಯವಾಗಲಿಲ್ಲ. ಅವನ್ನು ಕತ್ತರಿಸಿ ನೆಲ ಒರೆಸಲು ಕೊಟ್ಟೆ. ಅಲ್ಲಿ ನನ್ನ ಸೋಲು ಒಪ್ಪುತ್ತೇನೆ.

ಮ್ಯಾನೇಜರ್ ಅಲ್ಲೇ ಇದ್ದರು. "ಹಂಗಿದ್ರ ಸರಳ ಐತ್ರಿ," ಅಂದರು. "ಆಪರೇಶನ್ ಮಂದಿಗೆ ಟಾವೆಲ್ ಕೊಡೂದ ಬ್ಯಾಡ. ತಾವ ತಂದ್ಕೊಳ್ಳಲಿ ಅಂತ ಬೋರ್ಡ್ ಹಾಕೂಣು. ಬ್ಲೀಚನೂ ಹಾಕಬಹುದು, ಡಾಗೂ ಬೀಳಂಗಿಲ್ಲ."

"ನಮ್ಮ ಲಾಡ್ಜಿಗೆ ಬರೋರ ಅವರು," ಅಂದೆ. "ಎಲ್ಲಾರಕಿಂತ ಮೊದಲು ಅವರಿಗೆ ಸ್ವಚ್ಛ ಟಾವೆಲ್ ಸಿಗಬೇಕು. ಬೋರ್ಡ್ ಹಾಕಿದ್ರ ನಾ ಕೀಳ್ತೇನಿ. ಇದನ್ನೂ ನಿಮಗ ಹೇಳೇ ಕೀಳ್ತೇನಿ."

ಯಜಮಾನರು ನಕ್ಕರು. ಬೋರ್ಡ್ ಬರಲಿಲ್ಲ, ಮರೂನ್ ಟವೆಲ್ಲೂ ಬರಲಿಲ್ಲ.

ಅಕ್ಕನನ್ನು ಕರೆಸಲು ಮ್ಯಾನೇಜರ್ ನನಗೇ ಹೇಳಿದರು. ನೀವೇ ಫೋನ್ ಮಾಡಿ ಅಂದೆ. ಮಾಡಿದರು. ಅಕ್ಕ ಎರಡು ದಿನ ಬಿಟ್ಟು ಬಂದಳು, ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟು. ಒಗೆಯುವ ಕೋಣೆಗೆ ಬರಲಿಲ್ಲ, ನೇರ ರಿಸೆಪ್ಶನ್ನಿಗೆ ಹೋಗಿ ನಿಂತಳು. ಅವತ್ತಿದ್ದ ನಾಲ್ವರನ್ನೂ ಕರೆಯಿರಿ ಅಂದಳು. ಬಂದರು. ಮ್ಯಾನೇಜರ್ ಡ್ರಾವರಿನಿಂದ ಆ ಪತ್ರ ತೆಗೆದು, "ತಪ್ಪಾತ್ರಿ ಅಕ್ಕಾರ. ಇದನ್ನ ನಿಮ್ಮ ಮುಂದನ ಹರದ ಹಾಕ್ತೇನಿ," ಅಂದರು.

"ಹರೀಬ್ಯಾಡ್ರಿ," ಅಂದಳು ಅಕ್ಕ. "ಹರದ್ರ ಅದು ಇರಲೇ ಇಲ್ಲ ಅಂದಂಗ ಆಕ್ಕೈತಿ. ಅದರ ಕೆಳಗ ಬರೀರಿ, ಇದು ಸುಳ್ಳು ಅಂತ. ನಾ ಓದತೇನಿ."

ಮ್ಯಾನೇಜರ್ ಕೆಲವು ಕ್ಷಣ ಪೆನ್ನು ಹಿಡಿದು ಕೂತರು. ಬರೆಯುವುದಿಲ್ಲ ಅಂತಲೇ ನಾನು ತಿಳಿದೆ. ಬರೆದರು. ತಾರೀಖು ಹಾಕಿ ಸಹಿಯನ್ನೂ ಮಾಡಿದರು. ಅವರ ಬಗ್ಗೆ ನನಗೆ ಏನೇ ಸಿಟ್ಟಿದ್ದರೂ ಆ ಸಹಿಯನ್ನು ಮರೆಯುವುದಿಲ್ಲ. ಅಕ್ಕ ಅಕ್ಷರಕ್ಕೆ ಬೆರಳಿಟ್ಟು ಓದಿ, ತಲೆಯಾಡಿಸಿ ವಾಪಸ್ಸು ಕೊಟ್ಟಳು.

ಆಮೇಲೆ ಸೀರೆ ಬದಲಿಸಿ ಒಗೆಯುವ ಕೋಣೆಗೆ ಬಂದಳು. ಕಪಾಟಿನಲ್ಲಿ ನಾನು ಮಡಿಚಿ ಸಾಲಾಗಿ ಪೇರಿಸಿದ ಟವೆಲ್ಲುಗಳು ಇದ್ದವು. ಹೊಗಳುತ್ತಾಳೆ ಅಂತ ಕಾದೆ. ಅವಳು ಒಂದೊಂದನ್ನೇ ತೆಗೆದು ಕಿಟಕಿಗೆ ಹಿಡಿದು ಪಕ್ಕಕ್ಕಿಡುತ್ತಾ ಹೋದಳು. ಇಪ್ಪತ್ತೋ ಇಪ್ಪತ್ತೈದೋ ಆಗಿರಬೇಕು, ಒಂದರ ಅಂಚಿನಲ್ಲಿ ಉಗುರಿನಷ್ಟು ಎಣ್ಣೆಯ ಹಳದಿ ಕಂಡಿತು.

"ಇದನ್ನ ಯಾರು ಪಾಸ್ ಮಾಡ್ಯಾರ?"

"ನಾನ ಯಕ್ಕಾ."

"ಆಗಿಲ್ಲ ಇದು," ಅಂದು ನನ್ನ ಎದೆಗೆ ಎಸೆದಳು.

ನಾನು ಬಕೀಟಿಗೆ ಬಿಸಿನೀರು ಬಿಟ್ಟೆ.